ಹತ್ತದವರ ಲೆಕ್ಕ

ಎಡಿಸನ್ನಿನಲ್ಲಿ ಬಸ್ಸು ಓಡುತ್ತದೆಯೇ ಎಂದು ನಮ್ಮವರೇ ಕೇಳುವುದುಂಟು. ಇಲ್ಲಿ ಮನೆ ಕೊಂಡು, ಮಕ್ಕಳ ಕಾಲೇಜೂ ಮುಗಿಸಿದವರು ಕೇಳುತ್ತಾರೆ. ಓಡುತ್ತದೆ. ನ್ಯೂಜರ್ಸಿ ಟ್ರಾನ್ಸಿಟ್‌ನ 810ನೇ ನಂಬರಿನ ಬಸ್ಸು ವುಡ್‌ಬ್ರಿಜ್ ಕಡೆಯಿಂದ ಬಂದು, ಮೆಟಚನ್, ಎಡಿಸನ್ ಹಾಯ್ದು ನ್ಯೂ ಬ್ರನ್ಸ್‌ವಿಕ್ ಮುಟ್ಟುತ್ತದೆ. 813ನೇ ನಂಬರಿನದು ಪರ್ತ್ ಆಂಬಾಯಿಂದ ಹೊರಟು ನಮ್ಮೂರಿನ ಮಿಡಲ್‌ಸೆಕ್ಸ್ ಕಾಲೇಜಿಗೆ ಬರುತ್ತದೆ. ಇದಲ್ಲದೆ ಮಿಡಲ್‌ಸೆಕ್ಸ್ ಕೌಂಟಿಯದೇ ಸಣ್ಣ ಬಸ್ಸುಗಳಿವೆ. ಹಳಬರು ಅದನ್ನು ಎಂಸಿಎಟಿ ಎನ್ನುತ್ತಿದ್ದರು, ಈಗ ರೈಡ್ ಮಿಡಲ್‌ಸೆಕ್ಸ್ ಎಂಬ ಹೆಸರು. ಅರವತ್ತು ದಾಟಿದವರು, ವಿಕಲಚೇತನರು ಮುಂಚೆ ಫೋನ್ ಮಾಡಿ ಹೇಳಿದರೆ ಮನೆ ಬಾಗಿಲಿಗೇ ಬಂದು ಕರೆದೊಯ್ಯುವುದು ಅದರ ಒಂದು ಕೆಲಸ. ಜೇಮ್ಸ್‌ಬರ್ಗ್, ಮನ್ರೋ ಮೊದಲಾದ ದಕ್ಷಿಣದ ಊರುಗಳ ಕಡೆ ಯಾರು ಬೇಕಾದರೂ ಹತ್ತಬಹುದಾದ ಷಟಲ್ ಬಸ್ಸು ಓಡಿಸುವುದು ಇನ್ನೊಂದು.

ಈ ಬಸ್ಸುಗಳ ಬಗ್ಗೆ, ಅದರಲ್ಲೂ ಸರ್ಕಾರದ ದುಡ್ಡಿಲ್ಲದೆ ಒಂದು ದಿನವೂ ಓಡಲಾರದ ರೂಟುಗಳ ಬಗ್ಗೆ ಇವತ್ತು ನನ್ನ ಮಾತು. ಇಂಥ ರೂಟುಗಳಿಗೆ ಪ್ರತಿ ಬಜೆಟ್ಟೂ ಒಂದು ಗಂಡಾಂತರ. ಇವತ್ತು ವೇಳಾಪಟ್ಟಿ ಪರಿಷ್ಕರಣೆ ಎನ್ನುತ್ತಾರೆ, ನಾಳೆ ಮಾರ್ಗ ಬದಲಾವಣೆ ಎನ್ನುತ್ತಾರೆ, ನಾಡಿದ್ದು ಸ್ಟಾಪಿನ ಕಂಬಕ್ಕೆ ಒಂದು ಕಾಗದ ಅಂಟಿರುತ್ತದೆ. ಆ ಕಾಗದ ಅಂಟುವುದಕ್ಕೆ ಮುಂಚೆ ಏನೇನು ನಡೆಯುತ್ತದೆ, ಯಾರು ಯಾರ ತಲೆ ಎಣಿಸಿ ತೀರ್ಮಾನ ಮಾಡುತ್ತಾರೆ ಎನ್ನುವುದು ನಮಗೆ ಗೊತ್ತಿರಬೇಕು.

ಸ್ವಲ್ಪ ಹಿಂದಕ್ಕೆ ಹೋಗೋಣ. ಈ ಊರಿಗೆ ಎಡಿಸನ್ ಎಂಬ ಹೆಸರು ಬಂದದ್ದು 1954ರಲ್ಲಿ. ಅದಕ್ಕೆ ಮೊದಲು ಇದು ರಾರಿಟನ್ ಟೌನ್‌ಶಿಪ್. ಇಲ್ಲಿಯ ಮೆನ್ಲೊ ಪಾರ್ಕಿನಲ್ಲಿ ಥಾಮಸ್ ಎಡಿಸನ್ 1876ರಲ್ಲಿ ಪ್ರಯೋಗಶಾಲೆ ಹಾಕಿದ. ಬಲ್ಬಿನ ಕತೆ ಎಲ್ಲರಿಗೂ ಗೊತ್ತು. 1880ರಲ್ಲಿ ಆತ ಅದೇ ಜಾಗದಲ್ಲಿ ಹಳಿ ಹಾಸಿ ವಿದ್ಯುತ್ ರೈಲು ಓಡಿಸಿ ನೋಡಿದ ಎನ್ನುವುದು ಅಷ್ಟು ಜನಕ್ಕೆ ಗೊತ್ತಿಲ್ಲ. ಅಂಥ ಊರಿನಲ್ಲಿ ಇವತ್ತು ಕಾರಿಲ್ಲದೆ ಒಂದು ಕಟ್ಟು ಸೊಪ್ಪು ತರುವುದೂ ಕಷ್ಟ! 2020ರ ಜನಗಣತಿಯಲ್ಲಿ ಇಲ್ಲಿದ್ದವರು 1,07,588 ಮಂದಿ. ಮಂಡ್ಯ, ಹಾಸನದಂಥ ಊರಿನ ಜನಸಂಖ್ಯೆ ಎಂದುಕೊಳ್ಳಿ. ಬಸ್ ಸ್ಟ್ಯಾಂಡ್ ಮಾತ್ರ ಹುಡುಕಬೇಡಿ.

ಇಪ್ಪತ್ತನೆಯ ಶತಮಾನದ ಬಹುಪಾಲು ನ್ಯೂಜರ್ಸಿಯ ಬಸ್ಸುಗಳು ಖಾಸಗಿ ಕಂಪನಿಗಳವು. ಜನ ಕಾರು ಕೊಂಡಂತೆಲ್ಲ ಕಂಪನಿಗಳು ನಷ್ಟಕ್ಕೆ ಬಿದ್ದವು. ರಾಜ್ಯ ಮೊದಲು ಅವುಗಳಿಗೆ ಸಬ್ಸಿಡಿ ಕೊಟ್ಟು ನೋಡಿತು. ಆಮೇಲೆ 1979ರಲ್ಲಿ ಕಾಯಿದೆ ಮಾಡಿ ನ್ಯೂಜರ್ಸಿ ಟ್ರಾನ್ಸಿಟ್ ಸಂಸ್ಥೆ ಕಟ್ಟಿತು. ಮರುವರ್ಷ ಟ್ರಾನ್ಸ್‌ಪೋರ್ಟ್ ಆಫ್ ನ್ಯೂಜರ್ಸಿ ಎಂಬ ದೊಡ್ಡ ಬಸ್ ಕಂಪನಿಯನ್ನೇ ಕೊಂಡುಕೊಂಡಿತು. ನಮ್ಮ ಕಡೆ ಇದೇ ಕೆಲಸ 1948ರ ಸೆಪ್ಟೆಂಬರಿನಲ್ಲೇ ಶುರುವಾಗಿತ್ತು. ಮೈಸೂರು ಸಂಸ್ಥಾನ ಆಗ 120 ಬಸ್ಸುಗಳೊಂದಿಗೆ ಸಾರಿಗೆ ಇಲಾಖೆ ತೆರೆಯಿತು, ಅದೇ ಬೆಳೆದು ಇವತ್ತಿನ ಕೆಎಸ್ಆರ್‌ಟಿಸಿ ಆಯಿತು. ಹಣವಂತರ ದೇಶ ಈ ವಿಷಯದಲ್ಲಿ ನಮಗಿಂತ ಮೂವತ್ತು ವರ್ಷ ಹಿಂದೆ.

ಇನ್ನು ದುಡ್ಡಿನ ಮೂಲಕ್ಕೆ ಬರುತ್ತೇನೆ. ನನಗೆ ಈ ವಿಷಯದಲ್ಲಿ ಅತ್ಯಂತ ವಿಚಿತ್ರವಾಗಿ ಕಂಡದ್ದು ಇದು.

1976ರ ನವೆಂಬರಿನಲ್ಲಿ ನ್ಯೂಜರ್ಸಿಯ ಮತದಾರರು ಅಟ್ಲಾಂಟಿಕ್ ಸಿಟಿಯಲ್ಲಿ ಮಾತ್ರ ಕ್ಯಾಸಿನೊ ಜೂಜಿಗೆ ಅನುಮತಿ ಕೊಟ್ಟರು. ಜೂಜೆಂದರೆ ಮೂಗು ಮುರಿಯುವವರನ್ನು ಒಪ್ಪಿಸಲು ಒಂದು ಷರತ್ತು ಹಾಕಿದ್ದರು: ಅದರಿಂದ ಬರುವ ತೆರಿಗೆ ವಯಸ್ಸಾದವರಿಗೆ, ವಿಕಲಚೇತನರಿಗೆ ಮೀಸಲು. 1978ರ ಮೇ ತಿಂಗಳಲ್ಲಿ ಮೊದಲ ಕ್ಯಾಸಿನೊ ಬಾಗಿಲು ತೆರೆಯಿತು. ಆಡುವವರು ಸೋತು ಕ್ಯಾಸಿನೊ ಗೆದ್ದ ಮೊತ್ತದಲ್ಲಿ ನೂರಕ್ಕೆ ಎಂಟು ಡಾಲರ್ ಒಂದು ನಿಧಿಗೆ ಹೋಗುತ್ತದೆ. 1984ರಲ್ಲಿ ಇನ್ನೊಂದು ಕಾಯಿದೆ ಬಂತು. ಆ ನಿಧಿಯ ಒಂದು ಪಾಲು ಕೌಂಟಿಗಳ ಬಸ್ಸಿಗೆ ಸಿಗತೊಡಗಿತು. ಆ ಪಾಲು ನೂರಕ್ಕೆ ಎಂಟೂವರೆಗೆ ಬಂದು ನಿಂತಿದೆ. ಲೆಕ್ಕ ಹಾಕಿ ನೋಡಿ. ಅಟ್ಲಾಂಟಿಕ್ ಸಿಟಿಯ ಯಂತ್ರದ ಮುಂದೆ ಯಾರೋ ಒಬ್ಬ ನೂರು ಡಾಲರ್ ಕಳಕೊಂಡರೆ ಅದರಲ್ಲಿ 68 ಸೆಂಟು ಯಾರೋ ಒಬ್ಬ ಅಜ್ಜಿ ಡಾಕ್ಟರ ಹತ್ತಿರ ಹೋಗುವ ಬಸ್ಸಿಗೆ. 2016ರಲ್ಲಿ ಅಕ್ಕ ಸಂಸ್ಥೆಯ ವಿಶ್ವ ಕನ್ನಡ ಸಮ್ಮೇಳನ ಅಟ್ಲಾಂಟಿಕ್ ಸಿಟಿಯಲ್ಲಿ ನಡೆಯಿತಲ್ಲ, ಗೋಷ್ಠಿ ತಪ್ಪಿಸಿಕೊಂಡು ಸಮುದ್ರದ ಕಡೆ ಹೋದವರಲ್ಲಿ ಕೆಲವರಾದರೂ ಈ ಪುಣ್ಯಕಾರ್ಯದಲ್ಲಿ ಕೈಜೋಡಿಸಿರಬೇಕು.

ತಮಾಷೆ ಇರಲಿ. ಜೂಜಿನ ಮೇಲೆ ಕಟ್ಟಿದ ಸಬ್ಸಿಡಿ ಜೂಜಿನ ಹಾಗೇ ಏರಿಳಿಯುತ್ತದೆ. 2006ರಲ್ಲಿ ಅಟ್ಲಾಂಟಿಕ್ ಸಿಟಿಯ ಕ್ಯಾಸಿನೊಗಳ ಗಳಿಕೆ ಐದು ಬಿಲಿಯನ್ ಡಾಲರ್ ದಾಟಿತ್ತು. ಅದೇ ಹೊತ್ತಿಗೆ ಪಕ್ಕದ ಪೆನ್ಸಿಲ್ವೇನಿಯಾ ತನ್ನ ಕ್ಯಾಸಿನೊ ತೆರೆಯಿತು. ಹಿಂದೆಯೇ ಆರ್ಥಿಕ ಕುಸಿತ. 2014 ಒಂದೇ ವರ್ಷದಲ್ಲಿ ಅಟ್ಲಾಂಟಿಕ್ ಸಿಟಿಯ ನಾಲ್ಕು ಕ್ಯಾಸಿನೊಗಳು ಬಾಗಿಲು ಹಾಕಿದವು. ಗಳಿಕೆ ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯಿತು. ಪೆನ್ಸಿಲ್ವೇನಿಯಾದವನು ತನ್ನೂರಿನಲ್ಲೇ ಇಸ್ಪೀಟು ಆಡತೊಡಗಿದ ಕಾರಣಕ್ಕೆ ನ್ಯೂಜರ್ಸಿಯ ಕೌಂಟಿಗಳು ಮುದುಕರ ವ್ಯಾನಿನ ಟ್ರಿಪ್ಪು ಕಡಿಮೆ ಮಾಡುವ ಲೆಕ್ಕಕ್ಕೆ ಕೂತವು. ಇವರಿಬ್ಬರಿಗೂ ಏನು ಸಂಬಂಧ ಹೇಳಿ! ಬಸ್ಸಿನ ಅಗತ್ಯ ಕಡಿಮೆಯಾಗಿರಲಿಲ್ಲ, ಮುದುಕರ ಸಂಖ್ಯೆಯಂತೂ ಏರುತ್ತಲೇ ಇತ್ತು.

ಹಳ್ಳಿಗಾಡಿಗೆ ಒಕ್ಕೂಟ ಸರ್ಕಾರದ ದುಡ್ಡು ಬೇರೆ ಇದೆ. 1978ರಲ್ಲಿ ಶುರುವಾದ ಆ ಯೋಜನೆ ಐವತ್ತು ಸಾವಿರಕ್ಕಿಂತ ಕಡಿಮೆ ಜನರಿರುವ ಪ್ರದೇಶಗಳಿಗೆ. ನ್ಯೂಜರ್ಸಿಯ ವಾಯವ್ಯ ಮೂಲೆಯ ಸಸೆಕ್ಸ್, ವಾರನ್, ಹಂಟರ್ಡನ್ ಕೌಂಟಿಗಳಂಥ ಕಡೆ ಬಸ್ಸಿಗೆ ಇದು ಆಧಾರ. ವಾರನ್ ಕೌಂಟಿಯ 57ನೇ ಹೆದ್ದಾರಿಯ ಮೇಲೆ ಫಿಲಿಪ್ಸ್‌ಬರ್ಗಿನಿಂದ ವಾಷಿಂಗ್ಟನ್ ಎಂಬ ಸಣ್ಣ ಊರಿನ ಕಡೆಗೆ ಒಂದು ಷಟಲ್ ಬಸ್ಸಿದೆ; ಅತ್ತ ಹೊಲ, ಇತ್ತ ಗುಡ್ಡ, ನಡುವೆ ಈ ಬಸ್ಸು. ನಮ್ಮ ಎಡಿಸನ್ ನ್ಯೂಯಾರ್ಕಿನ ಮಹಾನಗರ ಪ್ರದೇಶದ ಗೆರೆಯೊಳಗೆ ಬರುತ್ತದೆ. ಆದ್ದರಿಂದ ಹಳ್ಳಿಯ ಪಾಲು ನಮಗಿಲ್ಲ. ಪಟ್ಟಣದ ಹಾಗೆ ಹತ್ತು ನಿಮಿಷಕ್ಕೊಂದು ಬಸ್ಸೂ ನಮಗಿಲ್ಲ.

ಒಂದು ರೂಟು ಬೇಕೋ ಬೇಡವೋ ಎಂದು ಅಳೆಯುವುದು ಹೇಗೆ? ಗಂಟೆಗೆ ಎಷ್ಟು ಜನ ಹತ್ತಿದರು, ಒಬ್ಬೊಬ್ಬ ಪ್ರಯಾಣಿಕನಿಗೆ ಎಷ್ಟು ಖರ್ಚು ಬಿತ್ತು, ಇವು ಇಲ್ಲಿಯ ಅಳತೆ. ನಮ್ಮ ಡಿಪೊಗಳಲ್ಲಿ ಕಿಲೋಮೀಟರಿಗೆ ಎಷ್ಟು ಕಲೆಕ್ಷನ್ ಎಂದು ಕೇಳುತ್ತಾರೆ. ಎರಡೂ ಒಂದೇ. ಇದರಲ್ಲಿ ತಪ್ಪೇನಿಲ್ಲ, ಜನರ ತೆರಿಗೆಗೆ ಲೆಕ್ಕ ಬೇಕು. ಆದರೆ ಹತ್ತಿದವರ ಲೆಕ್ಕ ಮಾತ್ರ ಸಿಗುವ ಅಳತೆ ಇದು. ಬಸ್ಸು ಬಾರದ ಹೊತ್ತಿನಲ್ಲಿ ಮನೆಯಲ್ಲೇ ಉಳಿದವರು, ಸ್ಟಾಪಿನವರೆಗೆ ನಡೆಯಲು ಫುಟ್‌ಪಾತಿಲ್ಲದೆ ವಾಪಸಾದವರು, ಭಾಷೆ ಬಾರದೆ ಡ್ರೈವರನ್ನು ಕೇಳಲು ಹಿಂಜರಿದವರು ಯಾವ ಕಾಲಮ್ಮಿನಲ್ಲೂ ಬರುವುದಿಲ್ಲ.

ಹಳ್ಳಿಯ ಹಾಲ್ಟಿಂಗ್ ಬಸ್ಸು ಗೊತ್ತಿರುವವರಿಗೆ ಇದು ಬೇಗ ಅರ್ಥವಾಗುತ್ತದೆ. ರಾತ್ರಿ ಎಂಟೂವರೆ, ಒಂಬತ್ತಕ್ಕೆ ಕೊನೆಯ ಟ್ರಿಪ್ಪು ಊರಿಗೆ ಬರುತ್ತದೆ. ಡ್ರೈವರು ಕಂಡಕ್ಟರು ದೇವಸ್ಥಾನದ ಜಗಲಿಯಲ್ಲೋ, ಪಂಚಾಯಿತಿ ಕೋಣೆಯಲ್ಲೋ, ಬಸ್ಸಿನ ಸೀಟಿನ ಮೇಲೋ ಮಲಗುತ್ತಾರೆ. ಬೆಳಿಗ್ಗೆ ಆರಕ್ಕೆ ಅದೇ ಬಸ್ಸು ಹಾಲಿನ ಕ್ಯಾನು, ತರಕಾರಿ ಚೀಲ, ಕಾಲೇಜು ಹುಡುಗರು, ಕೋರ್ಟಿನ ತಾರೀಕಿಗೆ ಹೊರಟ ಯಜಮಾನರು ಎಲ್ಲರನ್ನೂ ತುಂಬಿಕೊಂಡು ಹೊರಡುತ್ತದೆ. ರಾತ್ರಿಯ ಟ್ರಿಪ್ಪನ್ನು ಮಾತ್ರ ನೋಡಿದರೆ ನಾಲ್ಕು ಜನ, ಲುಕ್ಸಾನು. ಹಾಗೆಂದು ಅದನ್ನು ನಿಲ್ಲಿಸಿದರೆ ಬೆಳಗಿನ ಬಸ್ಸು ಡಿಪೊದಿಂದಲೇ ಹೊರಟು ಬರಬೇಕು, ಊರು ಮುಟ್ಟುವಾಗ ಎಂಟೂವರೆ. ಆ ಹೊತ್ತಿಗೆ ಹುಡುಗರು ಯಾರದೋ ಟೆಂಪೊ ಹತ್ತಿ ಹೋಗಿರುತ್ತಾರೆ. ಈಗ ಬೆಳಗಿನ ಟ್ರಿಪ್ಪೂ ಲುಕ್ಸಾನು. ಆರು ತಿಂಗಳ ಮೇಲೆ ಅಧಿಕಾರಿ ಫೈಲು ಮುಂದಿಟ್ಟುಕೊಂಡು, ನೋಡಿ, ಜನವೇ ಇಲ್ಲ ಎನ್ನುತ್ತಾರೆ. ಆ ಫೈಲಿನಲ್ಲಿ ಸುಳ್ಳೇನೂ ಇರುವುದಿಲ್ಲ.

ಅಮೆರಿಕದ ಕೌಂಟಿ ಬಸ್ಸಿನದೂ ಇದೇ ಹಾಡು. ಮೊದಲು ಭಾನುವಾರದ ಓಡಾಟ ಹೋಗುತ್ತದೆ, ಆಮೇಲೆ ಸಂಜೆ ಆರರ ನಂತರದ್ದು, ಆಮೇಲೆ ಅರ್ಧ ಗಂಟೆಗೊಂದು ಇದ್ದದ್ದು ಗಂಟೆಗೊಂದು. ಸಂಜೆ ವಾಪಸು ಬರಲು ಬಸ್ಸಿಲ್ಲದವರು ಬೆಳಿಗ್ಗೆ ಹೋಗಲೂ ಹತ್ತುವುದಿಲ್ಲ.

ಎಣಿಕೆಯ ವಿಷಯ ಬಂದದ್ದರಿಂದ ಶಕ್ತಿ ಯೋಜನೆಯ ಬಗ್ಗೆ ಒಂದು ಮಾತು. 2023ರ ಜೂನ್ 11ರಿಂದ ಕರ್ನಾಟಕದಲ್ಲಿ ಹೆಂಗಸರಿಗೆ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ಟಿಗೆ ದುಡ್ಡಿಲ್ಲ. ಆದರೆ ಟಿಕೆಟ್ಟು ಇದೆ! ಕಂಡಕ್ಟರು ಶೂನ್ಯ ರೂಪಾಯಿಯ ಟಿಕೆಟ್ಟು ಹರಿದು ಕೊಡುತ್ತಾನೆ. ಅದರ ಲೆಕ್ಕದ ಮೇಲೆ ಸರ್ಕಾರ ಸಾರಿಗೆ ನಿಗಮಕ್ಕೆ ಹಣ ತುಂಬಿಕೊಡಬೇಕು. ಯೋಜನೆಯ ಪರ ವಿರೋಧ ಬಹಳ ಮಾತು ನಡೆದಿದೆ. ಸರ್ಕಾರ ನಿಗಮಗಳಿಗೆ ಬಾಕಿ ಉಳಿಸಿಕೊಳ್ಳುವ ದೂರೂ ಇದೆ, ನ್ಯಾಯವಾದದ್ದೇ. 2025ರ ಜನವರಿಯಲ್ಲಿ ಅಲ್ಲಿ ದರ ನೂರಕ್ಕೆ 15 ಏರಿದ್ದೂ ನಿಜ. ನನಗೆ ಹಿಡಿಸಿದ್ದು ಆ ಸೊನ್ನೆ ಟಿಕೆಟ್ಟು. ಸಂತೆಗೆ, ತವರಿಗೆ, ಆಸ್ಪತ್ರೆಗೆ ಹೋಗುವ ಹೆಂಗಸು ದುಡ್ಡು ಕೊಡದಿದ್ದರೂ ನಿಗಮದ ಲೆಕ್ಕದ ಪುಸ್ತಕದಲ್ಲಿ ಒಂದು ತಲೆಯಾಗಿ ದಾಖಲಾಗುತ್ತಾಳೆ. ನಾಳೆ ಆ ರೂಟು ತೆಗೆಯಲು ಹೊರಟವರು ಆ ತಲೆಗಳಿಗೆ ಉತ್ತರ ಕೊಡಬೇಕಾಗುತ್ತದೆ.

ಸಬ್ಸಿಡಿ ಬೇಡ, ಚೆನ್ನಾಗಿ ನಡೆಸಿದರೆ ಬಸ್ಸು ತಾನಾಗಿ ಓಡುತ್ತದೆ ಎನ್ನುವವರು ಇಲ್ಲೂ ಇದ್ದಾರೆ, ಅಲ್ಲೂ ಇದ್ದಾರೆ. ಅವರಿಗೆ ನಾನು ಕೊಪ್ಪದ ಸಹಕಾರ ಸಾರಿಗೆಯ ಹೆಸರು ಹೇಳುತ್ತೇನೆ. ಶಂಕರ್ ಕಂಪನಿ ಎಂಬ ಖಾಸಗಿ ಬಸ್ ಸಂಸ್ಥೆ ನಿಂತಾಗ ಅದರ ಕಾರ್ಮಿಕರೇ ಕೂಡಿ 1991ರಲ್ಲಿ ಕಟ್ಟಿದ ಸಹಕಾರ ಸಂಘ ಅದು. ಡ್ರೈವರು, ಕಂಡಕ್ಟರು, ಮೆಕ್ಯಾನಿಕ್ಕು ಎಲ್ಲರೂ ಮಾಲೀಕರು. ಮಲೆನಾಡಿನ ಘಾಟಿಯಲ್ಲಿ, ಮಳೆಗಾಲದಲ್ಲಿ, ಬೇರೆಯವರು ಹೋಗಲೊಲ್ಲದ ಊರುಗಳಿಗೆ ಬಸ್ಸು ಓಡಿಸಿದರು. ಶಾಲೆಯ ಮಕ್ಕಳಿಗೆ ರಿಯಾಯಿತಿ ಪಾಸು ಕೊಟ್ಟರು. ಡೀಸೆಲ್ ದರ ಏರಿತು, ಸಾಲ ಬೆಳೆಯಿತು, 2020ರ ಫೆಬ್ರವರಿಯಲ್ಲಿ ಬಸ್ಸುಗಳು ನಿಂತವು. ಕೊರೊನಾ ಬಂದದ್ದು ಆಮೇಲೆ. ಇಲ್ಲಿ ನಮಗೆ ಹತ್ತಿರದ ಎಸೆಕ್ಸ್ ಕೌಂಟಿಯಲ್ಲಿ 1870ರಲ್ಲಿ ಕುದುರೆಗಾಡಿಯಿಂದ ಶುರುವಾದ ಡಿ ಕ್ಯಾಂಪ್ ಬಸ್ ಕಂಪನಿ 2023ರ ಏಪ್ರಿಲ್‌ನಲ್ಲಿ ನ್ಯೂಯಾರ್ಕಿಗೆ ಹೋಗುವ ದಿನನಿತ್ಯದ ಬಸ್ಸುಗಳನ್ನು ನಿಲ್ಲಿಸಿತು. ಇಂಗ್ಲೆಂಡಿನಲ್ಲಿ 1986ರಲ್ಲಿ ಲಂಡನ್ನಿನ ಹೊರಗಿನ ಬಸ್ಸುಗಳನ್ನು ಮಾರುಕಟ್ಟೆಗೆ ಬಿಟ್ಟರು. ಲಾಭದ ರೂಟು ಕಂಪನಿಗೆ, ಲಾಭವಿಲ್ಲದ ಹಳ್ಳಿಯ ರೂಟು ಕೌಂಟಿ ಕೌನ್ಸಿಲಿನ ಖಜಾನೆಗೆ. ಖಜಾನೆ ಬರಿದಾದಾಗಲೆಲ್ಲ ಅಲ್ಲಿಯ ಹಳ್ಳಿಯವರು ಸಭೆ ಸೇರಿ ನಮ್ಮ ಬಸ್ಸು ಉಳಿಸಿ ಎನ್ನಬೇಕಾಗುತ್ತದೆ.

ಎಡಿಸನ್ನಿನ ಕನ್ನಡಿಗರು ಕಿವಿಗೊಟ್ಟು ಕೇಳಬೇಕಾದ ಸಂಗತಿ ಮುಂದಿನದು.

ಅಮೆರಿಕದ 1990ರ ವಿಕಲಚೇತನರ ಕಾಯಿದೆಯ ಪ್ರಕಾರ, ಸಾಮಾನ್ಯ ಬಸ್ಸು ಹತ್ತಲಾಗದವರಿಗೆ ಸಾರಿಗೆ ಸಂಸ್ಥೆ ಬೇರೆ ವ್ಯಾನಿನ ವ್ಯವಸ್ಥೆ ಮಾಡಬೇಕು. ನ್ಯೂಜರ್ಸಿ ಟ್ರಾನ್ಸಿಟ್‌ನ ಆ ಸೇವೆಗೆ ಆಕ್ಸೆಸ್ ಲಿಂಕ್ ಎಂದು ಹೆಸರು. ಮಂಡಿ ಸವೆದವರು, ಪಾರ್ಶ್ವವಾಯು ಬಡಿದು ಒಂದು ಕೈ ಸ್ವಾಧೀನ ತಪ್ಪಿದವರು, ಕಣ್ಣು ಮಂಜಾದವರು ಅರ್ಜಿ ಹಾಕಿ ಅರ್ಹತೆ ಪಡೆದರೆ ಇದರಲ್ಲಿ ಡಯಾಲಿಸಿಸ್ಸಿಗೆ ಹೋಗಬಹುದು, ದೇವಸ್ಥಾನಕ್ಕೂ ಹೋಗಬಹುದು, ಯಾಕೆ ಎಂದು ಕೇಳುವ ಹಾಗಿಲ್ಲ. ಆದರೆ ಈ ವ್ಯಾನು ಎಲ್ಲ ಬೀದಿಗೂ ಬರುವುದಿಲ್ಲ. ಸ್ಥಳೀಯ ಬಸ್ಸಿನ ರೂಟಿನಿಂದ ಆಚೀಚೆ ಮುಕ್ಕಾಲು ಮೈಲಿಯೊಳಗೆ, ಆ ಬಸ್ಸು ಓಡುವ ದಿನ, ಓಡುವ ಹೊತ್ತಿನಲ್ಲಿ ಮಾತ್ರ. ಅಂದರೆ ಖಾಲಿ ಓಡುವ 800ರ ಸರಣಿಯ ಒಂದು ಬಸ್ಸು ತನ್ನ ಎರಡೂ ಬದಿ ಸೇರಿ ಒಂದೂವರೆ ಮೈಲಿ ಅಗಲದ ಪಟ್ಟಿಯೊಂದನ್ನು ಹಿಡಿದುಕೊಂಡು ಓಡುತ್ತಿದೆ. ರೂಟು ತೆಗೆದರೆ, ಬೇರೆ ರೂಟು ಹತ್ತಿರ ಇಲ್ಲದ ಕಡೆ ಆ ಪಟ್ಟಿಯೂ ಹೋಗುತ್ತದೆ. ಭಾನುವಾರದ ಬಸ್ಸು ನಿಲ್ಲಿಸಿದರೆ ಭಾನುವಾರದ ವ್ಯಾನು ತಾನಾಗಿ ನಿಲ್ಲುತ್ತದೆ. ಬಸ್ಸಿನ ಬಾಗಿಲಲ್ಲಿ ನಿಂತು ತಲೆ ಎಣಿಸಿದವನಿಗೆ ಆ ವ್ಯಾನಿನಲ್ಲಿರುವವರು ಕಾಣುವುದಿಲ್ಲ. ಬಸ್ಸನ್ನು ಎಂದೂ ಹತ್ತದ, ಹತ್ತಲಾರದ ಒಬ್ಬರು ಅದೇ ಬಸ್ಸಿನ ದೊಡ್ಡ ಫಲಾನುಭವಿ!

ಬದಲಾವಣೆ ಎಂದೊಡನೆ ಬೇಡ ಎನ್ನುವವನು ನಾನಲ್ಲ. ಫೋನಿನಲ್ಲಿ ಕರೆದಾಗ ಬರುವ ಹಂಚಿಕೆಯ ವ್ಯಾನುಗಳು ಈಗ ಎಲ್ಲೆಲ್ಲೂ ಬರುತ್ತಿವೆ. ಜರ್ಸಿ ಸಿಟಿ 2020ರಲ್ಲಿ ವಯಾ ಕಂಪನಿಯೊಂದಿಗೆ ಶುರುಮಾಡಿತು. ಎಡಿಸನ್ನಿನಂತೆ ಮನೆಗಳು ಚದುರಿ ಬಿದ್ದ ಊರಿಗೆ, ಬಸ್ ಸ್ಟಾಪಿಗೆ ನಡೆಯಲಾರದವರಿಗೆ, ಇದು ಅನುಕೂಲವೇ. ಆದರೆ ದೊಡ್ಡ ಬಸ್ಸಿಗೆ ಜನ ಹೆಚ್ಚಿದರೆ ತಲಾ ಖರ್ಚು ಇಳಿಯುತ್ತದೆ, ವ್ಯಾನಿಗೆ ಜನ ಹೆಚ್ಚಿದರೆ ಇನ್ನೊಂದು ವ್ಯಾನು, ಇನ್ನೊಬ್ಬ ಡ್ರೈವರು ಬೇಕು. ಒಂದು ವ್ಯಾನು ಗಂಟೆಗೆ ಬೆರಳೆಣಿಕೆಯ ಜನರನ್ನಷ್ಟೇ ಮುಟ್ಟಿಸೀತು. ಬಜೆಟ್ಟು ಮುಗಿದಾಗ ಏನು ಮಾಡುತ್ತಾರೆ? ಕಾಯುವ ಹೊತ್ತು ಉದ್ದವಾಗುತ್ತದೆ, ಸೀಟು ಸಿಗುವುದಿಲ್ಲ. ಇನ್ನು ಆ್ಯಪು. ವಾಟ್ಸಾಪಿನಲ್ಲಿ ಶುಭೋದಯ ಕಳಿಸುವುದು ಬೇರೆ, ಇಂಗ್ಲಿಷಿನಲ್ಲಿ ವಿಳಾಸ ಕೊಟ್ಟು ವ್ಯಾನು ಕರೆಯುವುದು ಬೇರೆ. ವ್ಯಾನು ಬರಲಿ, ಬಸ್ಸಿನ ಜೊತೆಗೆ ಬರಲಿ ಎಂಬುದು ನನ್ನ ಅಭಿಪ್ರಾಯ.

ನಮ್ಮ ಮನೆಗಳ ಹಿರಿಯರ ಬಗ್ಗೆ ಹೇಳಬೇಕು. ಮಗಳ, ಸೊಸೆಯ ಬಾಣಂತನಕ್ಕೆಂದು ಬಂದವರು, ಗ್ರೀನ್ ಕಾರ್ಡ್ ಪಡೆದು ಇಲ್ಲೇ ಉಳಿದವರು. ಊರಿನಲ್ಲಿ ಒಬ್ಬರೇ ಬಸ್ಸು ಹತ್ತಿ ಧರ್ಮಸ್ಥಳಕ್ಕೆ, ಹೊರನಾಡಿಗೆ ಹೋಗಿಬರುತ್ತಿದ್ದ ಗಟ್ಟಿ ಹೆಂಗಸರು ಇಲ್ಲಿ ಓಕ್ ಟ್ರೀ ರಸ್ತೆಯ ಅಂಗಡಿಗೂ ಮಗ ಆಫೀಸಿನಿಂದ ಬರುವ ತನಕ ಕಾಯುತ್ತಾರೆ. ಎಡಿಸನ್ನಿನಲ್ಲೇ ಪುತ್ತಿಗೆ ಮಠದ ಶ್ರೀಕೃಷ್ಣ ವೃಂದಾವನ ಇದೆ. ಏಕಾದಶಿ ವಾರದ ನಡುವೆ ಬಂದರೆ ಸೊಸೆಯ ಮೀಟಿಂಗಿನ ಮುಂದೆ ಏಕಾದಶಿ ಸೋಲುತ್ತದೆ. ಮಗ ಸೊಸೆಯ ತಪ್ಪಲ್ಲ. ಕಾರು ಎರಡು, ಕೆಲಸ ಎರಡು. ನ್ಯೂಜರ್ಸಿ ಟ್ರಾನ್ಸಿಟ್‌ನಲ್ಲಿ 62 ದಾಟಿದವರಿಗೆ ರಿಯಾಯಿತಿ ದರವಿದೆ ಎಂಬುದೂ ಎಷ್ಟೋ ಮನೆಗಳಿಗೆ ತಲುಪಿಲ್ಲ.

ಅವರು ಬಸ್ಸಿನಲ್ಲಿ ಎಣಿಕೆಯಾಗುವುದಿಲ್ಲ ಎಂದೆ. ಕಾಗದದಲ್ಲೂ ಅಷ್ಟೇ. ಮನೆಯಲ್ಲಿ ಯಾವ ಭಾಷೆ ಎಂದು ಅಮೆರಿಕದ ಗಣತಿ ಇಲಾಖೆ ಪ್ರತಿವರ್ಷ ಸಮೀಕ್ಷೆ ಮಾಡುತ್ತದೆ. ಅದರ ಪಟ್ಟಿಯಲ್ಲಿ 2016ರಿಂದ ತೆಲುಗಿಗೆ ಒಂದು ಸಾಲು, ತಮಿಳಿಗೆ ಒಂದು ಸಾಲು. ಕನ್ನಡಕ್ಕೆ ಮಲಯಾಳ ಮತ್ತು ಇತರ ದ್ರಾವಿಡ ಭಾಷೆಗಳ ಜೊತೆ ಸೇರಿ ಒಂದು ಸಾಲು. ಯಾವ ಬಡಾವಣೆಯಲ್ಲಿ ಇಂಗ್ಲಿಷ್ ಬಾರದ ಕನ್ನಡದ ಅಜ್ಜ ಅಜ್ಜಿಯರು ಎಷ್ಟಿದ್ದಾರೆ ಎಂದು ಸಾರಿಗೆಯವರು ತಿಳಿಯಬೇಕೆಂದರೂ ತಿಳಿಯುವುದು ಕಷ್ಟ.

ಆದ್ದರಿಂದ ಬಾಯಿಬಿಟ್ಟು ಹೇಳುವುದೊಂದೇ ಉಳಿದ ದಾರಿ. ದರ ಏರಿಸುವ ಮುಂಚೆ, ಬಸ್ಸನ್ನು ಗಣನೀಯವಾಗಿ ಕಡಿತ ಮಾಡುವ ಮುಂಚೆ ನ್ಯೂಜರ್ಸಿ ಟ್ರಾನ್ಸಿಟ್ ಸಾರ್ವಜನಿಕ ವಿಚಾರಣೆ ನಡೆಸಬೇಕೆಂದು ರಾಜ್ಯದ ಕಾಯಿದೆಯಲ್ಲೇ ಇದೆ. 2024ರಲ್ಲೂ ನಡೆಸಿದರು. ಆ ಜುಲೈಯಲ್ಲಿ ದರ ನೂರಕ್ಕೆ 15 ಏರಿತು, ವರ್ಷಕ್ಕೆ ನೂರಕ್ಕೆ ಮೂರರಂತೆ ಮುಂದೆಯೂ ಏರುವ ಹಾಗೆ ತೀರ್ಮಾನವಾಯಿತು. ಅದೇ ಹೊತ್ತಿಗೆ ಹತ್ತು ಮಿಲಿಯನ್ ಡಾಲರಿಗಿಂತ ಹೆಚ್ಚು ಲಾಭದ ಕಂಪನಿಗಳ ಮೇಲೆ ನೂರಕ್ಕೆ ಎರಡೂವರೆಯ ಹೆಚ್ಚುವರಿ ತೆರಿಗೆ ಹಾಕಿ ಸಂಸ್ಥೆಯ ಕೊರತೆ ತುಂಬಲು ಹೊರಟರು. ವಿಚಾರಣೆಗೆ ಬಂದವರು ಹೇಳಿದ್ದರಿಂದ ದರ ನಿಲ್ಲಲಿಲ್ಲ ನಿಜ. ಹೇಳಿದ್ದು ದಾಖಲೆಗೆ ಹೋಯಿತು, ಅದೂ ನಿಜ. ಕೌಂಟಿಯ ಬಸ್ಸಿನ ವಿಷಯಕ್ಕಾದರೆ ಕೌಂಟಿ ಕಮಿಷನರುಗಳ ಸಭೆ ನ್ಯೂ ಬ್ರನ್ಸ್‌ವಿಕ್‌ನಲ್ಲಿ ಸೇರುತ್ತದೆ. ಸಾರ್ವಜನಿಕರು ಎದ್ದು ಮಾತಾಡಲು ಅವಕಾಶವಿದೆ. 2020ರ ಕೊನೆಯವರೆಗೂ ಅವರನ್ನು ಫ್ರೀಹೋಲ್ಡರ್ ಎಂದು ಕರೆಯುತ್ತಿದ್ದರು, ಜಮೀನಿದ್ದವನಿಗೇ ಅಧಿಕಾರ ಎಂಬ ಕಾಲದ ಪಳೆಯುಳಿಕೆ. ಈಗ ಆ ಹೆಸರಿಲ್ಲ, ನಿಮ್ಮ ಅತ್ತೆಯವರೂ ಧಾರಾಳವಾಗಿ ಹೋಗಿ ಮಾತಾಡಬಹುದು.

ಬೃಂದಾವನ ಕನ್ನಡ ಕೂಟದಂಥ ಸಂಘಗಳು ಯುಗಾದಿ, ರಾಜ್ಯೋತ್ಸವಕ್ಕೆ ಎಷ್ಟೊಂದು ಜನರನ್ನು ಸೇರಿಸುತ್ತವೆ. ಹಾಗೆ ಸೇರಿದ ಒಂದು ದಿನ ಹಿರಿಯರ ಮುಂದೆ ಆಕ್ಸೆಸ್ ಲಿಂಕ್‌ನ ಅರ್ಜಿ, ರಿಯಾಯಿತಿ ದರದ ಅರ್ಜಿ ಇಟ್ಟು ತುಂಬಿಸಿದರೆ ಹೇಗೆ? ವಿಚಾರಣೆಗೆ ಹೋಗುವವರು ಬಸ್ಸು ಒಳ್ಳೆಯದು, ಪರಿಸರಕ್ಕೆ ಒಳ್ಳೆಯದು ಎಂದು ಭಾಷಣ ಮಾಡಬೇಕಾಗಿಲ್ಲ. ಮಾತಿಗೆ ಸಿಗುವುದು ಎರಡು ಮೂರು ನಿಮಿಷ. ಯಾವ ಸ್ಟಾಪು, ಯಾವ ಹೊತ್ತು, ಎಲ್ಲಿಗೆ ಹೋಗಬೇಕಿತ್ತು, ಯಾಕೆ ಹೋಗಲಾಗಲಿಲ್ಲ, ಅಷ್ಟು ಹೇಳಿ. ಅಪ್ಪ ಅಮ್ಮ ಕನ್ನಡದಲ್ಲೇ ಹೇಳಲಿ, ನೀವು ಪಕ್ಕದಲ್ಲಿ ನಿಂತು ಇಂಗ್ಲಿಷಿಗೆ ತನ್ನಿ. ಕೊನೆಗೆ ಒಂದು ಪ್ರಶ್ನೆ ಮರೆಯದೆ ಕೇಳಿ, ಉತ್ತರ ಬರವಣಿಗೆಯಲ್ಲೇ ಬೇಕೆನ್ನಿ: ಈ ರೂಟು ತೆಗೆದರೆ ಆಕ್ಸೆಸ್ ಲಿಂಕ್ ವ್ಯಾನು ಯಾವ ಯಾವ ಬೀದಿಗೆ ಬರುವುದು ನಿಲ್ಲುತ್ತದೆ, ಆ ಬೀದಿಗಳಲ್ಲಿ ಈಗ ಎಷ್ಟು ಜನ ಅದನ್ನು ನೆಚ್ಚಿಕೊಂಡಿದ್ದಾರೆ?